ಬಕೆಟ್ ಬಸ್ಸು

“ಅಣ್ಣಾ, ನಿಮ್ಮ ಬಕೆಟ್ ಬಸ್ಸು ನೋಡಿ ನಮ್ಮನೆಯವಳು ನಕ್ಕೂ ನಕ್ಕೂ ಲೋಟದಲ್ಲಿದ್ದ ಚಹಾನೆಲ್ಲ ನನ್ನ ಯೂನಿಫಾರ್ಮ್ ಮೇಲೆ ಚೆಲ್ಲಿಬಿಟ್ಲು. ನೋಡಿ, ಕಲೆ ಇನ್ನೂ ಹೋಗಿಲ್ಲ.”

ಕೊರಿಯರ್‌ನವನು ಕೌಂಟರಿನ ಮೇಲೆ ಪಾರ್ಸೆಲ್ ಇಟ್ಟು ಅಂಗಿಯ ತುದಿ ಎಳೆದು ತೋರಿಸಿದ. ಅಂಗಡಿಯವನು ಯಾರದೋ ಹಳೆಯ ವಿಡಿಯೋ ಗೇಮ್ ಕಂಟ್ರೋಲರಿನ ಹೊಟ್ಟೆ ಬಿಚ್ಚಿಕೊಂಡು, ತುಟಿಯ ನಡುವೆ ಸ್ಕ್ರೂ ಕಚ್ಚಿಕೊಂಡು ಕೂತಿದ್ದ. ಸ್ಕ್ರೂ ತೆಗೆದು ಅಂಗೈಗೆ ಹಾಕಿಕೊಂಡು, “ಯಾವ ಬಸ್ಸು?” ಎಂದ.

“ಅಯ್ಯೋ, ಏನೂ ಗೊತ್ತಿಲ್ದೋರ ಥರ. ಹೊಸ ಮುಂಗುಸಿ ಆಟದಲ್ಲಿ ನೀವು ಎಲ್ಲರಿಗೂ ಹಂಚಿದೀರಲ್ಲ, ಆ ಗಾಡಿ. ಗುಡ್ಡದ ಮೇಲಿನ ಊರಿಗೆ ನೀರು ಚೆಲ್ಲದ ಹಾಗೆ ಒಯ್ಯೋ ಕೆಲಸ ಇದೆ ನೋಡಿ. ನಾನು ದೊಡ್ಡ ಟ್ಯಾಂಕ್ ಕಟ್ಕೊಂಡು ಹತ್ತೋದು, ಅರ್ಧ ದಾರೀಲಿ ಪಲ್ಟಿ ಹೊಡೆಯೋದು, ಇದೇ ಆಯ್ತು. ನೀವು ನೋಡಿದ್ರೆ ಬಸ್ಸಿನ ಎರಡೂ ಕಡೆ ಸ್ಪ್ರಿಂಗ್ ಹಾಕಿ ಸಣ್ಣ ಸಣ್ಣ ಬಕೆಟ್ ನೇತಾಕಿದೀರಿ. ಬೆಳಿಗ್ಗೆ ಹೊತ್ತು ಫುಟ್‌ಬೋರ್ಡಲ್ಲಿ ಜನ ಜೋತಾಡ್ತಾರಲ್ಲ, ಹಾಗೆ ಜೋತಾಡ್ಕೊಂಡು ಹೋಗ್ತಾವೆ. ಒಂದು ಹನಿ ಚೆಲ್ಲಲ್ಲ. ಕೆಳಗೆ ಹೆಸರು ನೋಡಿದ್ರೆ ‘ಮುಂಗುಸಿ ಅಣ್ಣ’. ಇವ್ರು ನಂಗೆ ಗೊತ್ತು ಕಣೇ, ಇವರ ಪಾರ್ಸೆಲ್ ಎಲ್ಲ ನಾನೇ ಕೊಡೋದು ಅಂದೆ. ಅವತ್ತಿಂದ ನಮ್ಮನೇಲಿ ನಂಗೂ ಸ್ವಲ್ಪ ಬೆಲೆ ಬಂದಿದೆ.”

ಅಂಗಡಿಯವನಿಗೆ ಆಗ ತಿಳಿಯಿತು. ಆ ಬಸ್ಸನ್ನು ಅವನು ಕಂಡಿದ್ದ. ಮೊನ್ನೆ ಸಂಜೆ ತನ್ನದೇ ಮನೆಯ ಹಾಲ್‌ನಲ್ಲಿ, ತನ್ನ ಹೆಂಡತಿ ಅದನ್ನು ಕಟ್ಟುತ್ತಿದ್ದಾಗ, ಬಾಗಿಲಿಗೆ ಒರಗಿ ನಿಂತು ಕಂಡಿದ್ದ. ಮನೆಯ ಆಟದ ಮಿಷನ್ನಿಗೂ ಅಂಗಡಿಯ ಮಿಷನ್ನಿಗೂ ಒಂದೇ ಖಾತೆ. ಹಾಗಾಗಿ ಅವಳು ಏನು ಕಟ್ಟಿ ಹಂಚಿದರೂ ಅದರ ಕೆಳಗೆ ಬೀಳುವುದು ಇವನ ಹೆಸರು.

ಕಟ್ಟಿದ್ದು ನಾನಲ್ಲ ಮಾರಾಯ, ನಮ್ಮನೆಯವಳು ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು. ಆದರೆ ಕೊರಿಯರ್‌ನವನ ಕಣ್ಣಿನಲ್ಲಿ ಒಂದು ಹೊಳಪಿತ್ತು. ಅಂಥ ಹೊಳಪು ತನ್ನ ಕಡೆ ತಿರುಗಿ ವರ್ಷಗಳೇ ಆಗಿದ್ದವು. ಬಾಯಿಯಿಂದ ಬಂದದ್ದು ಇಷ್ಟೇ: “ಹೌದಾ?”

“ಹೌದಾ ಅಂತೆ. ದೊಡ್ಡೋರು ಯಾವಾಗ್ಲೂ ಹೀಗೇ,” ಎಂದು ಕೊರಿಯರ್‌ನವನು ಸಹಿ ಹಾಕಿಸಿಕೊಂಡು ಹೊರಟ.

ಮುಂಗುಸಿ ಆಟ ಎಂದರೆ ಏನು ಎಂದು ಗೊತ್ತಿಲ್ಲದವರಿಗೆ ಒಂದಿಷ್ಟು ಹೇಳಬೇಕು. ಕತ್ತಿಗೆ ಹಸಿರು ಕರವಸ್ತ್ರ ಕಟ್ಟಿಕೊಂಡ ಒಂದು ಮುಂಗುಸಿ. ಅದಕ್ಕೆ ಗೊತ್ತಿದ್ದದ್ದು ಒಂದೇ ವಿದ್ಯೆ, ಜಿಗಿಯುವುದು. ನೆಲದಿಂದ ಒಂದು ಜಿಗಿತ, ಗಾಳಿಯಲ್ಲಿ ಇನ್ನೊಂದು, ಗೋಡೆಗೆ ಉಗುರು ಕೊಟ್ಟು ಮತ್ತೊಂದು, ಬಾಲ ಬೀಸಿ ಕೊನೆಯದು. ಎಲ್ಲ ಭಾಗಗಳಲ್ಲೂ ಅದೇ. ಬೆರಳು ಒಂದು ಕೂದಲೆಳೆ ತಡವಾದರೆ ಪ್ರಪಾತ. ಇವನು ಮೀಸೆ ಚಿಗುರುವ ವಯಸ್ಸಿನಲ್ಲಿ ಬಾಡಿಗೆಗೆ ಆಟ ಆಡಿಸುವ ಅಂಗಡಿಯೊಂದರಲ್ಲಿ ಕೂತು, ಗಡಿಯಾರದ ಗೋಪುರದ ಹಂತವನ್ನು ಒಮ್ಮೆಯೂ ಬೀಳದೆ ಮುಗಿಸಿದ್ದ. ಅವತ್ತು ಬೆನ್ನ ಹಿಂದೆ ನಿಂತ ಗುಂಪು ಎಷ್ಟೆಂದರೆ ಆ ಅಂಗಡಿಯ ಮಾಲೀಕ ಬಾಗಿಲು ತೆಗೆದು ಫ್ಯಾನಿನ ವೇಗ ಹೆಚ್ಚಿಸಬೇಕಾಯಿತು. ಅಂದಿನಿಂದ ಮುಂಗುಸಿ ಎಂಬ ಹೆಸರು ಅಂಟಿಕೊಂಡಿತು. ಮುಂದೆ ತಾನೇ ಅಂಗಡಿ ಇಟ್ಟಾಗ ಅದಕ್ಕೊಂದು ಅಣ್ಣ ಸೇರಿತು.

ಆ ಗುಂಪಿನಲ್ಲಿ ತಮ್ಮನನ್ನು ಕಿವಿ ಹಿಡಿದು ಎಳೆದೊಯ್ಯಲು ಬಂದಿದ್ದ ಒಬ್ಬ ಹುಡುಗಿಯೂ ಇದ್ದಳು. ಎಳೆದೊಯ್ಯುವುದನ್ನು ಮರೆತು ನಿಂತಳು. ಮರುದಿನವೂ ಬಂದಳು. ತನ್ನ ಜಿಗಿತ ನೋಡಿಯೇ ಇವಳು ಬಿದ್ದಳು ಎಂದು ಇವನು ನೆಂಟರೆದುರು ಹೇಳಿದರೆ ಅವಳು, “ಅಲ್ಲಿ ಕೂತ್ಕೊಳ್ಳೋಕೆ ಇದ್ದಿದ್ದು ಒಂದೇ ಕುರ್ಚಿ. ನಿಂತೂ ನಿಂತೂ ಕಾಲು ನೋವು ಬಂತು. ಮದುವೆ ಆದ್ರಾದ್ರೂ ಸೋಫಾ ಸಿಗುತ್ತೆ ಅಂತ ಆದೆ,” ಅನ್ನುತ್ತಿದ್ದಳು.

ಸೋಫಾ ಸಿಕ್ಕಿತು. ಇವನು ಆಡುವಾಗ ಅವಳು ಎಡಗಡೆ ಕೂತು ಬಟ್ಟೆ ಮಡಚುವಳು, ಹುರುಳಿಕಾಯಿ ನಾರು ತೆಗೆಯುವಳು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಕೌಂಟರಿನಲ್ಲಿ ಅವಳಿಗೆ ಕೆಲಸ. ದಿನವಿಡೀ ಬಾಯಿ ತೆರೆದವರನ್ನು ನೋಡಿ ಬಂದವಳಿಗೆ ಸಂಜೆ ಮಾತು ಬೇಕು. ಹಾಗಾಗಿ ಕ್ಲಿನಿಕ್ಕಿನ ಕತೆಯೆಲ್ಲ ಹೇಳುತ್ತಲೇ ಇರುವಳು. ಆದರೆ ಮುಂಗುಸಿ ಗೋಡೆ ಬಿಟ್ಟು ಗಾಳಿಗೆ ನೆಗೆದ ಕ್ಷಣ, ಕತೆಯ ನಡುವೆಯೇ, ಒಂದು ಸಣ್ಣ “ಅಬ್ಬಾ” ತಪ್ಪದೆ ಬೀಳುತ್ತಿತ್ತು. ಇವನು ಇಷ್ಟು ವರ್ಷ ಆಡಿದ್ದು ಆ ಅಬ್ಬಾಗಾಗಿಯೇ ಇದ್ದೀತು. ಅದನ್ನು ಅವನು ಎಂದೂ ಯೋಚಿಸಿರಲಿಲ್ಲ, ಅದು ನಿಲ್ಲುವ ತನಕ.

ಆಮೇಲೆ ಬಹಳ ವರ್ಷ ಮುಂಗುಸಿಯ ಹೊಸ ಆಟ ಬರಲಿಲ್ಲ. ಕಂಪನಿಯವರು ಮರೆತರು ಎಂದೇ ಎಲ್ಲರೂ ಅಂದುಕೊಂಡಿದ್ದರು. ಈ ವರ್ಷ ಬಂತು. ಇವನು ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಮನೆಗೆ ತಂದು ಹಚ್ಚಿದ. ಪರದೆಯ ಮೇಲೆ ಬಂದ ಮುಂಗುಸಿಗೆ ಹೊಟ್ಟೆ ಬಂದಿತ್ತು, ಕನ್ನಡಕ ಬಂದಿತ್ತು. ಒಂದು ಕಲ್ಲು ದಾಟಲು ಜಿಗಿಸಿದರೆ ಮೊಣಕಾಲು ಹಿಡಿದುಕೊಂಡು, ‘ಇನ್ನು ನನ್ನ ಕೈಲಾಗಲ್ಲಪ್ಪ’ ಎಂದು ಕೂತಿತು. ಆಮೇಲೆ ಒಂದು ಗ್ಯಾರೇಜಿನ ಬಾಗಿಲು ತೆರೆಯಿತು. ಒಳಗೆ ಗಾಲಿ, ಹಲಗೆ, ಸ್ಪ್ರಿಂಗ್, ಫ್ಯಾನು, ಬಕೆಟ್, ಇಂಜಿನ್, ಎಲ್ಲ ರಾಶಿ ರಾಶಿ. ಇವನ್ನೆಲ್ಲ ಜೋಡಿಸಿ ನಿಮಗೆ ಬೇಕಾದ ಗಾಡಿ ಕಟ್ಟಿಕೊಳ್ಳಿ, ಅದರಲ್ಲೇ ಓಡಾಡಿ, ಅದರಲ್ಲೇ ಕೆಲಸ ಮಾಡಿ. ಹೊಸ ಆಟ ಅಷ್ಟೇ.

“ಮುಂಗುಸಿಗೆ ಡ್ರೈವಿಂಗ್ ಲೈಸೆನ್ಸ್ ಕೊಟ್ಟಿದಾರೆ,” ಎಂದು ಇವನು ಕಂಟ್ರೋಲರನ್ನು ಸೋಫಾದ ಮೇಲೆ ಎಸೆದು ಸ್ನಾನಕ್ಕೆ ಹೋದ. ಎಷ್ಟು ಸಿಟ್ಟು ಬಂದಿತ್ತೆಂದರೆ ತಲೆಗೆ ಎರಡು ಸಲ ಸೋಪು ಹಚ್ಚಿದ. ಹೊರಗೆ ಬಂದಾಗ ಕಂಟ್ರೋಲರ್ ಹೆಂಡತಿಯ ಕೈಯಲ್ಲಿತ್ತು. ಅವಳು ಅಡುಗೆಮನೆಯ ಸ್ಟೂಲಿನಂಥದ್ದಕ್ಕೆ ಮೂರು ಗಾಲಿ ಹಚ್ಚಿ ಮುಂಗುಸಿಯನ್ನು ಕೂರಿಸಿದ್ದಳು. ಅದು ಅಡ್ಡಡ್ಡ ಓಡುತ್ತಿತ್ತು. ಅವಳು ಮಗುವಿನ ಹಾಗೆ ನಗುತ್ತಿದ್ದಳು.

ಕೊರಿಯರ್‌ನವನು ಹೋದ ಆ ಸಂಜೆ ಅಂಗಡಿಯವನು ಮನೆಗೆ ಬಂದಾಗ ಹಾಲ್‌ನಲ್ಲಿ ಹೆಂಡತಿ ಒಬ್ಬಳೇ ಇರಲಿಲ್ಲ. ಅವನ ಅಮ್ಮನೂ ಕೂತಿದ್ದರು. ಈ ಅಮ್ಮ ಯಾರು ಎಂದರೆ, ಮಗ ಆಡುತ್ತಿದ್ದ ಕಾಲದಲ್ಲಿ ಮೇನ್ ಸ್ವಿಚ್ ಆರಿಸಿ ಕರೆಂಟ್ ಹೋಯ್ತು ಎಂದು ಹೇಳುತ್ತಿದ್ದವರು. ಈಗ ಅವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪರದೆಗೆ ಬೆರಳು ತೋರಿಸುತ್ತಿದ್ದರು.

“ಆ ಹಲಗೆ ಇನ್ನೂ ಸ್ವಲ್ಪ ಹಿಂದಕ್ಕೆ ಇಡು ಕಣೇ. ಬಾಣಂತಿ ಕೂತ ಹಾಗೆ ಕೂತಿದೆ ಗಾಡಿ.”

“ಹಿಂದಕ್ಕಿಟ್ರೆ ಮೂತಿ ಮೇಲೆ ಏಳುತ್ತೆ ಅತ್ತೆ.”

“ಏಳ್ಲಿ. ಎದ್ರೆ ಏನಾಗುತ್ತೆ ನೋಡೋಣ.”

ಇಟ್ಟಳು. ಗಾಡಿಯ ಮೂತಿ ಮೇಲೆದ್ದಿತು, ಹಳ್ಳದ ಆಚೆ ದಡಕ್ಕೆ ಆತುಕೊಂಡಿತು, ಹಿಂದಿನ ಗಾಲಿ ಒಮ್ಮೆ ಗಿರ್ರನೆ ತಿರುಗಿ ಇಡೀ ಗಾಡಿಯನ್ನು ದಾಟಿಸಿತು. “ಅಬ್ಬಾ,” ಎಂದರು ಅಮ್ಮ.

ಬಾಗಿಲಲ್ಲಿ ನಿಂತವನು ಚಪ್ಪಲಿ ಬಿಚ್ಚುವುದನ್ನು ಮರೆತ. ಮೂವತ್ತು ವರ್ಷ ಈ ಹೆಂಗಸು ನನಗೊಂದು ಅಬ್ಬಾ ಅಂದಿಲ್ಲ, ಎಂದುಕೊಂಡ. ಗಡಿಯಾರದ ಗೋಪುರದ ದಿನ ಮನೆಗೆ ಓಡಿ ಬಂದು ಹೇಳಿದಾಗ, ಮೊದಲು ಕೈಕಾಲು ತೊಳ್ಕೊ ಅಂದಿದ್ದರು.

“ಬಂದ್ರಾ,” ಎಂದಳು ಹೆಂಡತಿ, ತಲೆ ತಿರುಗಿಸದೆ. “ಸ್ವಲ್ಪ ಸರ್ಕೊಳ್ರೀ, ಟ್ಯೂಬ್‌ಲೈಟ್ ಅಡ್ಡ ಬರುತ್ತೆ.”

ಸರಿದುಕೊಂಡ. ಸರಿದ ಜಾಗದಲ್ಲಿ ನಿಂತು ಅವಳನ್ನೇ ನೋಡಿದ. ಏನಾದರೂ ಜೋಡಿಸುವಾಗ ಅವಳ ನಾಲಿಗೆಯ ತುದಿ ತುಟಿಯ ಮೂಲೆಗೆ ಬರುತ್ತಿತ್ತು. ಇಷ್ಟು ವರ್ಷದಲ್ಲಿ ಅದನ್ನು ಅವನು ಕಂಡೇ ಇರಲಿಲ್ಲ. ಕಾಣುವುದು ಹೇಗೆ, ಅವನು ಯಾವಾಗಲೂ ಪರದೆ ನೋಡುತ್ತಿದ್ದ, ಅವಳು ಅವನನ್ನು ನೋಡುತ್ತಿದ್ದಳು.

“ಇದೊಂದು ಆಟನಾ?” ಎಂದ. “ಆಟ ಅಂದ್ರೆ ಬೆರಳಲ್ಲಿರಬೇಕು. ಇದು ಬಡಗಿ ಕೆಲಸ.”

“ಹೌದು, ನಂಗೂ ಬೆರಳಿಗೆ ಆಗಲ್ಲ. ಅದಕ್ಕೇ ಇದು ಚೆನ್ನಾಗಿದೆ,” ಎಂದಳು ಅವಳು. ಚುಚ್ಚಿದ್ದು ಅವಳಿಗೆ ತಾಗಲೇ ಇಲ್ಲ. ಅದು ಅವನನ್ನು ಇನ್ನಷ್ಟು ಉರಿಸಿತು. ಆಮೇಲೆ ಅವಳು ಕಂಟ್ರೋಲರ್ ಮಡಿಲಲ್ಲಿಟ್ಟುಕೊಂಡು, ಸ್ವಲ್ಪ ನಾಚಿಕೊಂಡೇ, “ರೀ, ಮೊನ್ನೆ ನೀರಿನ ಬಸ್ಸು ಮುಗಿಸಿದಾಗ, ಎಲ್ಲರಿಗೂ ಹಂಚ್ಲಾ ಅಂತ ಕೇಳ್ತು. ಹೂಂ ಅಂತ ಒತ್ತಿದೆ. ಯಾರಾದ್ರೂ ನೋಡಿದಾರಾ? ಅದೆಲ್ಲ ಎಲ್ಲಿ ಗೊತ್ತಾಗುತ್ತೆ?” ಎಂದು ಕೇಳಿದಳು.

ಅಮ್ಮನೂ ತಿರುಗಿ ನೋಡಿದರು.

ಅವನು ಶರ್ಟಿನ ಗುಂಡಿ ಬಿಚ್ಚುತ್ತ ಒಳಗೆ ನಡೆದ. “ಯಾರೂ ನೋಡಿಲ್ಲ. ಲಕ್ಷಗಟ್ಟಲೆ ಜನ ಹಾಕ್ತಾರೆ ಅಲ್ಲಿ. ನಮ್ಮದನ್ನ ಯಾರು ನೋಡ್ತಾರೆ?”

“ಅದೂ ಸರಿನೇ,” ಎಂದಳು ಅವಳು. ಮತ್ತೆ ಗಾಡಿ ಓಡುವ ಸದ್ದು ಕೇಳಿಸಿತು. ಆದರೆ ನಗು ಸ್ವಲ್ಪ ಹೊತ್ತು ಕೇಳಿಸಲಿಲ್ಲ. ಅದು ಅವನಿಗೆ ಗೊತ್ತಾಯಿತು. ಗೊತ್ತಾಗಿಯೂ, ಒಳಗೆ ಬಟ್ಟೆ ಬದಲಿಸುತ್ತ ನಿಂತವನಿಗೆ, ಎಲ್ಲೋ ಒಂದು ಕಡೆ ತಂಪೆನಿಸಿತು.

ಆ ವಾರ ಅಂಗಡಿಗೆ ಜನ ಹೆಚ್ಚಿದರು. ಕೊರಿಯರ್‌ನವನು ಪಾರ್ಸೆಲ್ಲಿನ ಜೊತೆ ಸುದ್ದಿಯನ್ನೂ ಮನೆ ಮನೆಗೆ ಮುಟ್ಟಿಸಿದ್ದ. ಬಕೆಟ್ ಬಸ್ಸಿನವರು ಇವರೇನಾ ಎಂದು ಕೇಳಿಕೊಂಡು ಬರುವರು. ಬೇಕಿಲ್ಲದ ಕೇಬಲ್ಲು ಕೊಳ್ಳುವರು. ಹಪ್ಪಳದಂಥ ರೆಕ್ಕೆಯ ಗಾಡಿ ಹೇಗೆ ಹೊಳೆಯಿತು ಎನ್ನುವರು. ಅದನ್ನು ಅವಳು ಬುಧವಾರ ಹಂಚಿದ್ದಳು, ಯಾರೂ ನೋಡುವುದಿಲ್ಲ ಎಂದು ನಂಬಿಯೂ. ಇವನು “ಏನೋ, ಹಾಗೇ” ಅನ್ನುವುದನ್ನು ಕಲಿತಿದ್ದ. ಸುಳ್ಳು ಹೇಳುತ್ತಿಲ್ಲವಲ್ಲ, ಅವರು ಕೇಳಿದ್ದಕ್ಕೆ ಏನೋ ಅನ್ನುತ್ತಿದ್ದೇನೆ, ಅಷ್ಟೇ. ರಾತ್ರಿ ಊಟಕ್ಕೆ ಕೂತಾಗ ಮಾತ್ರ ಹೆಂಡತಿ ಬಡಿಸುವ ಕೈಯನ್ನು ನೋಡಲಾಗದೆ, ಸಾಕು ಸಾಕು ಎಂದು ಬೇಗ ಏಳುತ್ತಿದ್ದ. ನಾಚಿಕೆಯೋ ಹೊಟ್ಟೆಕಿಚ್ಚೋ ಬಿಡಿಸಿ ಹೇಳುವುದು ಕಷ್ಟ. ಹೊಗಳಿಕೆ ಹೆಚ್ಚಿದಷ್ಟೂ ಕಿಚ್ಚು ಹೆಚ್ಚುತ್ತಿತ್ತು ಎಂಬುದಂತೂ ನಿಜ. ಯಾಕೆಂದರೆ ಅದು ಯಾರಿಗೆ ಸೇರಬೇಕಾದ ಹೊಗಳಿಕೆ ಎಂದು ಆ ಬೀದಿಯಲ್ಲಿ ಗೊತ್ತಿದ್ದವನು ಅವನೊಬ್ಬನೇ.

ಎದುರು ಅಂಗಡಿಯ ಮೊಬೈಲ್ ರಿಪೇರಿಯವನು ಇದನ್ನೆಲ್ಲ ನೋಡುತ್ತಿದ್ದ. ಬಂದವರಿಗೆಲ್ಲ “ಸ್ಕ್ರೀನಿಗೆ ಗ್ಲಾಸ್ ಹಾಕ್ಲಾ?” ಎಂದು ಕೇಳುವ ಚಟ ಅವನಿಗೆ. ಹಾಗಾಗಿ ಬೀದಿಗೆಲ್ಲ ಅವನು ಗ್ಲಾಸು. ಬಾಚಣಿಗೆ ಜೇಬಿನಲ್ಲಿಟ್ಟುಕೊಂಡೇ ತಿರುಗುವ ಆಳು.

“ಏನಪ್ಪಾ ಮುಂಗುಸಿ, ಭಾರೀ ಇಂಜಿನಿಯರ್ ಆಗ್ಬಿಟ್ಟೆ,” ಎಂದ ಒಂದು ಮಧ್ಯಾಹ್ನ, ಕೌಂಟರಿಗೆ ಮೊಣಕೈ ಊರಿ. “ನಂಗೆ ಗೊತ್ತಿರೋ ನೀನು ಟೇಬಲ್ ಫ್ಯಾನ್ ಜೋಡಿಸಿದ್ರೆ ಗಾಳಿ ಗೋಡೆಗೆ ಹೋಗ್ತಿತ್ತು.”

“ಕಲ್ತೆ.”

“ಹಂಗಾದ್ರೆ ಭಾನುವಾರ ಎಲ್ಲರ ಎದುರಿಗೆ ಒಂದು ಕಟ್ಟಿ ತೋರಿಸು. ಹೊಸ ಕೆಲಸ ಬಂದಿದೆಯಂತಲ್ಲ, ಮಲಗಿರೋ ಆನೇನ ಎಬ್ಬಿಸದೆ ಸೇತುವೆ ದಾಟಿಸೋದು. ನಾನೂ ನೋಡ್ತೀನಿ, ಇವ್ರೂ ನೋಡ್ತಾರೆ. ಚಹಾ ನನ್ನದು.”

ಅಂಗಡಿಯಲ್ಲಿದ್ದವರೆಲ್ಲ ಹೌದು ಹೌದು ಎಂದರು. ಕೊರಿಯರ್‌ನವನಂತೂ ರಜೆ ಹಾಕುತ್ತೇನೆ ಎಂದ. ಇವನು ಇಲ್ಲ ಅನ್ನಬಹುದಿತ್ತು. ಗ್ಲಾಸು ಕೇಳದಿದ್ದರೆ ಅನ್ನುತ್ತಲೂ ಇದ್ದ.

ಶನಿವಾರ ಸಂಜೆ ಅವನು ಸೋಫಾದಲ್ಲಿ, ಎಡಗಡೆ, ಹೆಂಡತಿಯ ಪಕ್ಕ ಕೂತ. ಕೂತು ತುಂಬಾ ಹೊತ್ತಾದ ಮೇಲೆ, ಗೋಡೆಯ ಕಡೆ ನೋಡುತ್ತ, “ಭಾರದ್ದೇನಾದ್ರೂ ಒಯ್ಯಬೇಕಾದ್ರೆ ಇಂಜಿನ್ ಎಲ್ಲಿಡ್ತಿ ನೀನು?” ಎಂದು ಕೇಳಿದ.

ಅವಳು ಆಟ ನಿಲ್ಲಿಸಿ ಅವನ ಮುಖ ನೋಡಿದಳು. “ನಿಜವಾಗ್ಲೂ ಕೇಳ್ತಿದೀರಾ?”

“ಸುಮ್ನೆ ಕೇಳಿದೆ.”

“ಇಡೋ ಜಾಗ ಅಂತ ಒಂದಿಲ್ಲ. ನಾನು ಮೊದಲು ಭಾರ ಇಡ್ತೀನಿ. ಅದು ಯಾವ ಕಡೆ ಬೀಳೋಕೆ ಹೊರಡುತ್ತೆ ನೋಡ್ತೀನಿ. ಆ ಕಡೆ ಒಂದು ಗಾಲಿ ಕೊಡ್ತೀನಿ. ಮತ್ತೆ ಬೀಳುತ್ತೆ, ಬೇರೆ ಕಡೆ. ಅಲ್ಲೂ ಒಂದು ಕೊಡ್ತೀನಿ. ಎಲ್ಲೂ ಬೀಳೋಕೆ ಜಾಗ ಇಲ್ಲ ಅಂದಾಗ ಇಂಜಿನ್ ಹಾಕ್ತೀನಿ.” ಅವಳು ಮೊಣಕಾಲು ಮಡಚಿ ಅವನ ಕಡೆ ತಿರುಗಿ ಕೂತಳು. “ನಿಮಗೆ ಬೀಳೋದು ಅಂದ್ರೆ ಆಗಲ್ಲ ನೋಡಿ. ಒಂದೇ ಸಲ ಕಟ್ಟೋಕೆ ಹೋಗ್ತೀರಿ. ನಾನು ಇಪ್ಪತ್ತು ಸಲ ಬೀಳಿಸಿರ್ತೀನಿ, ನೀವು ಬರೋ ಹೊತ್ತಿಗೆ ಕೊನೇದು ಮಾತ್ರ ನೋಡ್ತೀರಿ.” ಆಮೇಲೆ ಮೆಲ್ಲಗೆ, “ನೀವು ಕೇಳಿದ್ರಲ್ಲ, ಖುಷಿ ಆಯ್ತು,” ಎಂದಳು.

ಅವನಿಗೆ ಅಲ್ಲಿ ಕೂರಲಾಗಲಿಲ್ಲ. ನೀರು ಕುಡಿಯುವ ನೆಪ ಮಾಡಿ ಎದ್ದ.

ಭಾನುವಾರ ಗ್ಲಾಸು ಹೇಳಿದ ಮಾತಿಗೆ ತಪ್ಪಲಿಲ್ಲ, ಚಹಾ ತರಿಸಿದ. ಅಂಗಡಿ ಸಣ್ಣದು. ಕೂತವರು ಕೂತರು, ಉಳಿದವರು ಮೆಟ್ಟಿಲ ತನಕ ನಿಂತರು. ಯಾರೋ ಫ್ಯಾನಿನ ವೇಗ ಹೆಚ್ಚಿಸಿದರು. ಬೆನ್ನ ಹಿಂದೆ ಇಷ್ಟು ಜನರ ಉಸಿರು ಬಿದ್ದು ಎಷ್ಟು ಕಾಲವಾಗಿತ್ತು. ಅಂಗಡಿಯವನಿಗೆ ಒಂದು ಗಳಿಗೆ, ಇವತ್ತು ನನ್ನಿಂದ ಆಗಿಯೇ ಆಗುತ್ತದೆ ಎಂಬ ನಂಬಿಕೆ ನಿಜಕ್ಕೂ ಬಂತು.

ಪರದೆಯಲ್ಲಿ ಆನೆ ಒಂದು ಮಗ್ಗುಲಾಗಿ ಮಲಗಿ ಗೊರಕೆ ಹೊಡೆಯುತ್ತಿತ್ತು. ಅವನು ಗಟ್ಟಿಯಾದ ಹಲಗೆ ಹಾಕಿದ, ನಾಲ್ಕು ದೊಡ್ಡ ಗಾಲಿ ಹಾಕಿದ, ಮುಂದೆ ಇದ್ದುದರಲ್ಲೇ ದೊಡ್ಡ ಇಂಜಿನ್ ಕೂರಿಸಿದ. ನೋಡಲು ಚೆಂದವಾಗಿತ್ತು. ಆನೆಯನ್ನು ಏರಿಸಿ ಸೇತುವೆಗೆ ಬಿಟ್ಟ. ಮೊದಲ ತಿರುವಿನಲ್ಲೇ ಹಿಂಭಾಗ ಕುಸಿದು, ಆನೆ ಉರುಳಿ, ಎಚ್ಚೆತ್ತು, ಸೊಂಡಿಲು ತುಂಬಾ ನೀರು ಎಳೆದು ಮುಂಗುಸಿಯ ಮುಖಕ್ಕೆ ಹೊಡೆಯಿತು.

ಎಲ್ಲರೂ ಜೋರಾಗಿ ನಕ್ಕರು. “ಅಣ್ಣ ತಮಾಷೆಗೆ ಬೀಳಿಸಿದ್ರು,” ಎಂದ ಕೊರಿಯರ್‌ನವನು. “ಈಗ ನೋಡಿ, ಈಗ.”

ಎರಡನೆಯ ಸಲ ಸೇತುವೆಯ ಕಂಬಕ್ಕೆ ಗುದ್ದಿತು. ನಗು ಕಡಿಮೆಯಾಯಿತು. ಭಾರ ಮೊದಲು ಇಡು ಎಂದು ಅವಳು ಹೇಳಿದ್ದು ನೆನಪಿತ್ತು. ಆದರೆ ಗಾಡಿ ಒಂದು ಕಡೆ ವಾಲತೊಡಗಿದ ಕೂಡಲೇ ಅವನ ಬೆರಳು ತಡೆಯದೆ ಅದನ್ನು ಅಳಿಸಿಬಿಡುತ್ತಿತ್ತು. ಜನರ ಎದುರು ಬೀಳುವುದನ್ನು ಅವನು ಕಲಿತೇ ಇರಲಿಲ್ಲ. ಮೂರನೆಯದು ಹೊರಡುವ ಮೊದಲೇ ಮಗುಚಿ ಬಿತ್ತು. ಕೊನೆಗೆ ಅವನು ಮುಂಗುಸಿಯನ್ನು ಗಾಡಿಯಿಂದ ಇಳಿಸಿ, ಹಳೆಯ ಕಾಲದ ಹಾಗೆ ಸೇತುವೆಯ ಕಟ್ಟೆಯ ಮೇಲೆ ಓಡಿಸಿ, ಜಿಗಿಸಿದ. ಯಾಕೆ ಜಿಗಿಸಿದ ಎಂದು ಅವನಿಗೇ ತಿಳಿಯದು. ಆನೆ ಹಿಂದೆಯೇ ಉಳಿದಿತ್ತು. ಮುಂಗುಸಿ ಒಂದು ಮೊಳ ಹಾರಿ, ಮೊಣಕಾಲು ಹಿಡಿದುಕೊಂಡು ಕೂತಿತು. ಯಾರೂ ನಗಲಿಲ್ಲ.

ಹಿಂದಿನಿಂದ ಯಾರೋ ಕೇಳಿದರು, “ಅಣ್ಣ, ಬಕೆಟ್ ಬಸ್ಸು ಕಟ್ಟಿದ್ದು ನೀವೇ ತಾನೆ?”

ಇವನು ಪರದೆಯಿಂದ ಕಣ್ಣು ತೆಗೆಯದೆ ಗುಂಡಿ ಒತ್ತುತ್ತಲೇ ಇದ್ದ. ಗ್ಲಾಸು ಗಂಟಲು ಸರಿಮಾಡಿಕೊಂಡ. “ಇವನ ಖಾತೆ ಪಾಸ್‌ವರ್ಡ್ ನನ್ನ ಹತ್ರನೂ ಇತ್ತಪ್ಪ ಒಂದು ಕಾಲಕ್ಕೆ. ಮಿಷನ್ ತಂದ ಹೊಸದರಲ್ಲಿ ನಾನೇ ಹಾಕ್ಕೊಟ್ಟಿದ್ದು. ಇರ್ಲಿ ಬಿಡಿ, ಎದುರುಬದುರು ಅಂಗಡಿ ನಮ್ಮದು. ನಾನೇನೂ ಹೇಳಲ್ಲ.”

“ಹಂಗಾದ್ರೆ ಗ್ಲಾಸಣ್ಣ, ಅದು ನೀವು ಕಟ್ಟಿದ್ದಾ?” ಎಂದ ಕೊರಿಯರ್‌ನವನು. ಅವನ ದನಿಯಲ್ಲಿ ಆಗಲೇ ಆ ಹೊಳಪು ಬಂದಿತ್ತು.

“ನಾನು ಕಟ್ಟಿದೆ ಅಂತ ನಾನು ಹೇಳಿದ್ನಾ?” ಗ್ಲಾಸು ನಕ್ಕು, ಬಾಚಣಿಗೆ ತೆಗೆದು ಒಮ್ಮೆ ಕೂದಲು ತೀಡಿಕೊಂಡ. “ಅದರಲ್ಲೇನಿದೆ, ಸಣ್ಣ ಸಣ್ಣ ಬಕೆಟ್ ಇಟ್ರೆ ಚೆಲ್ಲಲ್ಲ ಅಂತ ಯಾರಿಗಾದ್ರೂ ಹೊಳೆಯುತ್ತೆ.”

ನಾಲ್ಕಾರು ಜನ ಅವನ ಕಡೆ ತಿರುಗಿದರು. ಒಬ್ಬ ಬೆನ್ನು ತಟ್ಟಿಯೂ ತಟ್ಟಿದ.

ಇಷ್ಟು ದಿನ ಹೆಂಡತಿಯ ಮೇಲೆ ಉರಿದ ಕಿಚ್ಚು ಬೇರೆ. ಈಗ ಎದೆಯಲ್ಲಿ ಎದ್ದದ್ದು ಬೇರೆ. ಆ ಬಕೆಟ್ಟುಗಳನ್ನು ಒಂದೊಂದಾಗಿ ನೇತುಹಾಕಿದ ಸಂಜೆ, ನಾಲಿಗೆಯ ತುದಿಯನ್ನು ತುಟಿಯ ಮೂಲೆಗೆ ತಂದುಕೊಂಡು ಕೂತಿದ್ದವಳ ಮುಖ ಅವನಿಗೆ ಕಂಡಿತು. ಅದರ ಮೇಲೆ ಗ್ಲಾಸಿನ ಬಾಚಣಿಗೆ ಆಡುತ್ತಿರುವ ಹಾಗೆ ಕಂಡಿತು. ತಾನು ಕದ್ದರೆ ಒಂದು ಮಾತು. ಇವನು ಯಾರು.

“ನಮ್ಮನೆಯವಳು,” ಎಂದ.

ಯಾರಿಗೂ ಕೇಳಿಸಲಿಲ್ಲ. ಕುರ್ಚಿ ತಿರುಗಿಸಿ, ಈ ಸಲ ಎಲ್ಲರ ಮುಖ ನೋಡಿ ಹೇಳಿದ. “ನಮ್ಮನೆಯವಳು ಕಟ್ಟಿದ್ದು. ಬಸ್ಸೂ ಅವಳದೇ. ಹಪ್ಪಳದ ಗಾಡೀನೂ ಅವಳದೇ. ಎಲ್ಲ ಅವಳದೇ. ನನಗೆ ಬರಲ್ಲ.”

ಗ್ಲಾಸು ಬಾಚಣಿಗೆಯನ್ನು ಜೇಬಿಗಿಳಿಸಿದ. ಕೊರಿಯರ್‌ನವನು ಇವನ ಕಡೆ ತಿರುಗಿ, “ಮತ್ತೆ ನಾನು ಕೇಳಿದಾಗ ಹೌದಾ ಅಂದ್ರಲ್ಲ ಅಣ್ಣ,” ಎಂದ. ಸಿಟ್ಟಿನಿಂದಲ್ಲ. ತನ್ನ ಮನೆಯಲ್ಲಿ ತಾನು ಏನೇನು ಹೇಳಿಬಿಟ್ಟೆ ಎಂದು ಲೆಕ್ಕ ಹಾಕುವವನ ಹಾಗೆ. ಆಮೇಲೆ ಅವನೇ, “ಸರಿ, ಅಕ್ಕನ್ನ ಕರೀರಿ ಹಂಗಾದ್ರೆ. ಆನೆ ಅಲ್ಲೇ ಬಿದ್ದಿದೆ,” ಎಂದ.

ಮನೆ ಹಿಂದಿನ ಬೀದಿಯಲ್ಲೇ. ಇವನು ಫೋನು ಮಾಡಿದ. ಅಷ್ಟು ಜನ ಉಸಿರು ಹಿಡಿದು ನಿಂತ ಸಣ್ಣ ಅಂಗಡಿಯಲ್ಲಿ ಅವಳ ದನಿ ಎಲ್ಲರಿಗೂ ಕೇಳಿಸುತ್ತಿತ್ತು.

“ಏನ್ರೀ?”

“ಅಂಗಡಿಗೆ ಬರ್ತೀಯಾ ಒಂಚೂರು?”

“ಬೀಗದ ಕೈ ಮರೆತ್ರಾ?”

“ಇಲ್ಲ. ನಿನ್ನ ಬಕೆಟ್ ಬಸ್ಸು ನೋಡಿದೋರು ಬಂದಿದಾರೆ. ನಿನ್ನ ನೋಡಬೇಕಂತೆ.”

ಆ ಕಡೆ ಕುಕ್ಕರ್ ಒಂದು ಸೀಟಿ ಹಾಕಿತು.

“ಯಾರೂ ನೋಡಿಲ್ಲ ಅಂದಿದ್ರಿ,” ಎಂದಳು.

“ಹೂಂ.”

“ಎಷ್ಟು ಜನ ಬಂದಿದಾರೆ?”

ಅವನು ಸುತ್ತ ನೋಡಿದ. “ಅಂಗಡಿ ತುಂಬಿದೆ.”

ಫೋನು ಇಟ್ಟುಬಿಟ್ಟಳು. ಬರುತ್ತಾಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಧೈರ್ಯವೂ ಇರಲಿಲ್ಲ. ಬರದಿದ್ದರೆ ಇವರೆದುರು ಮುಖ ಹೋಗುತ್ತದೆ. ಬಂದರೆ ಅವಳೆದುರು. ಜನ ತಣ್ಣಗಾದ ಚಹಾವನ್ನೇ ಇಷ್ಟಿಷ್ಟೇ ಕುಡಿಯುತ್ತ ಕಾದರು.

ಅವಳಿಗಿಂತ ಮೊದಲು ಅಮ್ಮನ ದನಿ ಮೆಟ್ಟಿಲ ಮೇಲೆ ಕೇಳಿಸಿತು. “ದಾರಿ ಬಿಡ್ರಪ್ಪಾ, ಗಾಡಿ ಕಟ್ಟೋರು ಬಂದಿದಾರೆ. ಸ್ಟೌ ಆರಿಸಿ ಬಂದಿದೀವಿ, ಹೊತ್ತು ಮಾಡಬೇಡಿ. ಎಲ್ಲಿದೆ ಆನೆ?” ಹಿಂದೆ ಹೆಂಡತಿ, ಮನೆಯ ಚಪ್ಪಲಿಯಲ್ಲೇ, ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ. ಅಷ್ಟು ಜನರನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಯಾರೋ “ಅಕ್ಕ ಬಂದ್ರು” ಎಂದರು. ಕೊರಿಯರ್‌ನವನು ಅಂಗಿಯ ತುದಿ ಎಳೆದು ಹಿಡಿದು, ಮತ್ತೊಮ್ಮೆ ಮೊದಲಿನಿಂದ, ಚಹಾ ಚೆಲ್ಲಿದ ಕತೆಯನ್ನು ಅವಳಿಗೆ ಹೇಳಿದ. ಅವಳು ಕೇಳುತ್ತ ಕೇಳುತ್ತ ನಗು ತಡೆಯಲು ಕೈ ಬಾಯಿಗೆ ಒಯ್ದಳು. ನಗು ಬಂದೇ ಬಂತು. ಅಂಗಡಿಯವನು ಆ ನಗುವನ್ನು ನೋಡುತ್ತ ನಿಂತ. ಒಂದು ವಾರ ಅದನ್ನು ಅವಳಿಂದ ಬಚ್ಚಿಟ್ಟುಕೊಂಡಿದ್ದವನು ಅವನೇ. ಈಗ ಹೊರಬಿದ್ದದ್ದು ಬೇರೆಯವರು ತರಿಸಿದ ನಗುವಾಗಿತ್ತು.

ಕತೆ ಮುಗಿದ ಮೇಲೆ ಅವಳು ಅವನ ಹತ್ತಿರ ಬಂದಳು. ನಗು ಇರಲಿಲ್ಲ.

“ಎಂದಿನಿಂದ ಗೊತ್ತು ನಿಮಗೆ?”

“ನೀನು ಕೇಳಿದ ದಿನದಿಂದ.”

“ನಾನು ಕೇಳೋಕೆ ಮುಂಚೆನಾ, ಆಮೇಲಾ?”

“ಮುಂಚೆ.”

ಅವಳು ಹೂಂ ಅಂದಳು. ಆ ಹೂಂ ಮನೆಗೆ ಹೋದ ಮೇಲೆ ಬೆಳೆಯುವ ಜಾತಿಯದು ಎಂದು ಅವನಿಗೆ ಗೊತ್ತಾಯಿತು. ಅವಳ ಕಣ್ಣು ಅವನನ್ನು ದಾಟಿ ಪರದೆಗೆ ಹೋಯಿತು. ಅಲ್ಲಿ ಅವನ ಮೂರನೆಯ ಗಾಡಿ ನಾಲ್ಕು ಗಾಲಿ ಮೇಲೆ ಮಾಡಿಕೊಂಡು, ಪಕ್ಕದಲ್ಲಿ ಸಿಟ್ಟುಗೊಂಡ ಆನೆಯೊಂದಿಗೆ, ಬಿದ್ದುಕೊಂಡಿತ್ತು.

“ಇದ್ಯಾರು ಕಟ್ಟಿದ್ದು?”

“ನಾನು.”

ಅವಳು ತಲೆ ಒಂದು ಪಕ್ಕಕ್ಕೆ ಓರೆ ಮಾಡಿ ಅದನ್ನು ನೋಡಿದಳು. “ಇದು ಮಾತ್ರ ನಿಮ್ಮ ಹೆಸರಲ್ಲೇ ಇರ್ಲಿ,” ಎಂದಳು.

ಅವನು ಎದ್ದ. ಅವಳು ಆ ಕುರ್ಚಿಯಲ್ಲಿ ಕೂತು ಕಂಟ್ರೋಲರ್ ತೆಗೆದುಕೊಂಡಳು. ಕೂತ ಕೂಡಲೇ ಗುಂಪು ಮುಂದಕ್ಕೆ ಒತ್ತರಿಸಿ ಬಂತು. ಬೈಕಿನಲ್ಲಿ ಬಂದವರು ಮಡಿಲಲ್ಲಿ, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡಿದ್ದರು. ನುಗ್ಗಲು ಅಡ್ಡವಾಗುತ್ತದೆಂದು ಒಬ್ಬ ತನ್ನದನ್ನು ಅಂಗಡಿಯವನ ಕೈಗೆ ಕೊಟ್ಟ. ಅದನ್ನು ನೋಡಿ ಇನ್ನೊಬ್ಬನೂ ಕೊಟ್ಟ. ಅವನು ಒಂದನ್ನು ಎಡಗೈಗೆ ಸಿಕ್ಕಿಸಿಕೊಂಡು, ಒಂದನ್ನು ಎದೆಗೆ ಅವುಚಿಕೊಂಡು, ಜನರ ಭುಜಗಳ ಹಿಂದೆ ಗೋಡೆಗೆ ಒತ್ತಿಕೊಂಡು ನಿಂತ. ಅಲ್ಲಿಂದ ಪರದೆ ಕಾಣುತ್ತಿರಲಿಲ್ಲ. ಏನೋ ಧೊಪ್ಪನೆ ಬಿದ್ದ ಸದ್ದು ಕೇಳಿಸಿತು, ಆನೆ ನೀರು ಹೊಡೆದ ಸದ್ದು ಕೇಳಿಸಿತು, ಅವಳು ಎಲ್ಲರಿಗಿಂತ ಮೊದಲು ನಕ್ಕದ್ದು ಕೇಳಿಸಿತು. ಮತ್ತೆ ಬಿತ್ತು, ಮತ್ತೆ ನಕ್ಕರು. ಮೂರನೆಯ ಸಲ ಬೀಳುವ ಸದ್ದು ಬರಲಿಲ್ಲ. ಭುಜಗಳೆಲ್ಲ ಒಮ್ಮೆಲೇ ಮುಂದಕ್ಕೆ ಬಾಗಿದವು.

ಆಗ ತಡವಾಗಿ ಬಂದ ಒಬ್ಬ ಮೆಟ್ಟಿಲು ಹತ್ತಿ, ಕುತ್ತಿಗೆ ಉದ್ದ ಮಾಡಿ ಒಳಗೆ ನೋಡುತ್ತ, ಪಕ್ಕದಲ್ಲಿ ನಿಂತವನು ಯಾರೆಂದೂ ನೋಡದೆ, ತನ್ನ ಹೆಲ್ಮೆಟ್ಟನ್ನು ಕಳಚಿ ಅಂಗಡಿಯವನ ಕೈಗಿತ್ತ.